ಎಲೆತೋಟಕ್ಕೆ ವೈಫೈ ಬಂದ ಬೇಸಿಗೆ

ನಾನು ಶಾಲೆ ಬಿಟ್ಟದ್ದು ಎರಡು ಸಾವಿರದ ಹದಿನಾರರಲ್ಲಿ. ಎಂಟನೆಯ ತರಗತಿಯ ಕೊನೆಯ ಪೇಪರು ಗಣಿತ. ಅದನ್ನು ಬರೆದು ಬಂದ ದಿನ ಪಾಟಿಚೀಲವನ್ನು ಗೂಟಕ್ಕೆ ತೂಗುಹಾಕಿದವನು ಮತ್ತೆ ಇಳಿಸಲಿಲ್ಲ. ಯಾರೂ ಬಿಡಿಸಲಿಲ್ಲ, ಮನೆಯಲ್ಲಿ ಅಂಥ ತೊಂದರೆಯೂ ಇರಲಿಲ್ಲ. ನಾನೇ ಬಿಟ್ಟೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಶಾಲೆ ಬಿಟ್ಟವನು ಅಂದ ಕೂಡಲೇ ಜನ ಅಯ್ಯೋ ಪಾಪ ಅನ್ನುವ ಮುಖ ಮಾಡುತ್ತಾರೆ. ನನಗೆ ಆ ಮುಖ ಬೇಕಾಗಿಲ್ಲ.

ಆಗ ನಮ್ಮ ಸವಣೂರು ಕಡೆ ಇಂಟರ್ನೆಟ್ ಅಂದರೆ ಫೋನಿಗೆ ಹಾಕಿಸಿಕೊಳ್ಳುವ ಸಣ್ಣ ಪ್ಯಾಕು. ಅದನ್ನು ಜನ ಒಗ್ಗರಣೆಗೆ ಎಣ್ಣೆ ಬಿಟ್ಟ ಹಾಗೆ ನೋಡಿ ನೋಡಿ ಬಳಸುತ್ತಿದ್ದರು. ಹೊಸ ಹಾಡು ಬೇಕಾದರೆ ಬಸ್ ಸ್ಟ್ಯಾಂಡಿನ ಮೊಬೈಲ್ ಅಂಗಡಿಗೆ ಹೋಗಿ ಮೆಮರಿ ಕಾರ್ಡಿಗೆ ತುಂಬಿಸಿಕೊಂಡು ಬರುವುದು ರೂಢಿ. ವೈಫೈ ಇದ್ದದ್ದು ಒಬ್ಬ ಡಾಕ್ಟರ ಮನೆಯಲ್ಲಿ, ಒಂದೆರಡು ಅಂಗಡಿಗಳಲ್ಲಿ. ಡಾಕ್ಟರ ಮನೆಯ ಕಂಪೌಂಡಿಗೆ ಒರಗಿ ನಿಂತ ಹುಡುಗರನ್ನು ಕಂಡರೆ, ಯಾರದ್ದೋ ಬಾಯಿಂದ ಪಾಸ್‌ವರ್ಡ್ ಹೊರಬಿದ್ದಿದೆ ಎಂದು ತಿಳಿದುಕೊಳ್ಳಬೇಕು. ನನ್ನ ವಯಸ್ಸಿನವರಿಗೆ ಇದೆಲ್ಲ ನೆನಪಿರುತ್ತದೆ.

ನಮ್ಮ ಮನೆ ಊರೊಳಗಲ್ಲ, ಊರಿಂದ ಒಂದೂವರೆ ಕಿಲೋಮೀಟರು ಹೊರಗೆ, ನಮ್ಮದೇ ಎಲೆತೋಟದ ಹಿಂದೆ. ವೀಳ್ಯದೆಲೆಯ ತೋಟ. ಅಜ್ಜ ಹಚ್ಚಿದ್ದು, ಅಪ್ಪ ಬೆಳೆಸಿದ್ದು. ಮನೆಗೆ ಬರುವ ದಾರಿ ತೋಟದ ನಡುವಿನಿಂದಲೇ ಇತ್ತು. ಬದುವಿನ ಹತ್ತಿರ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಒಳಗೆ ಬರಬೇಕು. ಬೀಗರಾಗಲಿ, ಲೈನ್‌ಮನ್ ಆಗಲಿ, ಎಲೆ ಕೊಳ್ಳಲು ಬಂದ ವ್ಯಾಪಾರಿಯಾಗಲಿ, ಎಲ್ಲರಿಗೂ ಅದೇ ನಿಯಮ. ಒಳಗೆ ಕಾಲಿಟ್ಟರೆ ಮೇ ತಿಂಗಳಲ್ಲೂ ನೆಲ ತಣ್ಣಗೆ. ಹಸಿ ಎಲೆಯ ಆ ಖಾರ ಖಾರ ವಾಸನೆ ಬಟ್ಟೆಗೆ ಹತ್ತಿಕೊಂಡು ಶಾಲೆಯವರೆಗೂ ಬರುತ್ತಿತ್ತು. ಪಕ್ಕದಲ್ಲಿ ಕೂತ ಹುಡುಗರು ನನ್ನನ್ನು ‘ಪಾನಪಟ್ಟಿ’ ಅನ್ನುತ್ತಿದ್ದರು.

ಎಲೆಬಳ್ಳಿ ತಾನೇ ನಿಲ್ಲುವುದಿಲ್ಲ. ಸಾಲಾಗಿ ಚೊಗಚಿ ಗಿಡ ಬೆಳೆಸಿ ಅದಕ್ಕೆ ಹಬ್ಬಿಸುತ್ತಾರೆ. ಬಳ್ಳಿಗೆ ಬಿಸಿಲು ಬೇಕು, ಆದರೆ ಅಳತೆಗೆ ತಕ್ಕಷ್ಟು. ಮಳೆ ಹಿಡಿದ ಮೇಲೆ ಚೊಗಚಿಯ ಟೊಂಗೆ ಕಡಿದು ಬೆಳಕು ಬಿಡುತ್ತಾರೆ. ಬೇಸಿಗೆಯಲ್ಲಿ ಒಂದು ಕಡ್ಡಿಯನ್ನೂ ಮುಟ್ಟುವ ಹಾಗಿಲ್ಲ. ನೆರಳು ತೆಗೆದರೆ ಬಳ್ಳಿ ಬೇಯುತ್ತದೆ. ಇದು ನನಗೆ ನಡೆಯಲು ಬಂದಾಗಿನಿಂದ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಹೇಳಲಾರೆ.

ಆ ಏಪ್ರಿಲಿನಲ್ಲಿ ಸಣ್ಣಮಾಮ ಗೋವಾದಿಂದ ಬಂದ. ಅವ್ವನ ತಮ್ಮ, ಅಲ್ಲಿ ಒಂದು ಹೋಟೆಲಿನಲ್ಲಿ ಕೆಲಸಕ್ಕಿದ್ದ. ಹೋಟೆಲಿನವರು ಹಳೆಯ ಸಾಮಾನು ತೆಗೆದುಹಾಕುವಾಗ ಟಿವಿಗೆ ಹಚ್ಚಿ ಗೇಮ್ ಆಡುವ ಒಂದು ಪೆಟ್ಟಿಗೆ ಅವನ ಪಾಲಿಗೆ ಬಂದಿತ್ತು. ಕರ್ರಗೆ, ದಪ್ಪಗೆ, ನಮ್ಮ ರೊಟ್ಟಿ ಬುಟ್ಟಿಯಷ್ಟು ಅಗಲ. ಜೊತೆಗೆ ಎರಡು ಕೈಯಲ್ಲಿ ಹಿಡಿದು ಒತ್ತುವ ರಿಮೋಟು, ಕಾರ್ ರೇಸಿನ ಒಂದು ಡಿಸ್ಕು. ನನಗಿಂತ ಒಂದೂವರೆ ವರ್ಷ ದೊಡ್ಡವಳಾದ ಗಿರಿಜಕ್ಕ ಮತ್ತು ನಾನು ಅದರ ಮುಂದೆ ಪೂಜೆಗೆ ಕೂತವರ ಹಾಗೆ ಕೂತೆವು. ಅಲ್ಲಿಯವರೆಗೆ ನಮ್ಮ ಆಟವೆಂದರೆ ಚಿಣಿಪಣಿ, ಗೋಲಿ, ಬಾವಿಗೆ ಜಿಗಿಯುವುದು.

ಮಾಮ ಗುಂಡಿ ಒತ್ತಿದ. ಟಿವಿಯಲ್ಲಿ ಇಂಗ್ಲಿಷಿನ ಒಂದು ಸಾಲು ಬಂದು ನಿಂತಿತು. ಅಕ್ಕ ಓದಿದಳು.

“ಮುಂದ ಹೋಗಬೇಕಂದ್ರ ಇಂಟರ್ನೆಟ್ ಹಚ್ಚರಿ ಅನ್ನಾಕತ್ತೈತಿ ಮಾಮಾ.”

“ಅಲ್ಲೆ ಹಂಗ ಕೇಳ್ತಿದ್ದಿಲ್ಲಲ್ಲ ಇದು.”

“ನೀ ಏನರ ಮಾಡಿಯೇನು ಇದಕ್ಕ?”

ಮಾಮ ಹೆಮ್ಮೆಯಿಂದಲೇ ಹೇಳಿದ. “ಯಾರ್ಯಾರೋ ಆಡಿ ಬಿಟ್ಟಿದ್ರಲ್ಲವಾ, ಅವರ ಹೆಸ್ರು ಇವರ ಹೆಸ್ರು ಎಲ್ಲಾ ಅದರಾಗ ಇತ್ತು. ಪೂರಾ ಅಳಿಸಿ ಹೊಚ್ಚ ಹೊಸಾದು ಮಾಡಿಸ್ಕೊಂಡ ಬಂದೇನಿ.”

ಬೇರೆಯವರ ಮನೆಯ ಹಳೆಯ ಪಾತ್ರೆ ಬಂದರೆ ಹುಣಸೆಹಣ್ಣು ಹಚ್ಚಿ ತಿಕ್ಕಿ ತೊಳೆದೇ ಒಳಗಿಟ್ಟುಕೊಳ್ಳುವ ಜನ ನಾವು. ಮಾಮ ಅದನ್ನೇ ಮಾಡಿದ್ದ. ಪೆಟ್ಟಿಗೆಯ ತಲೆಯೊಳಗಿನದೆಲ್ಲ ತೊಳೆದುಹೋಗಿತ್ತು, ಇನ್ನು ಒಮ್ಮೆ ಇಂಟರ್ನೆಟ್ ಕಾಣಿಸದೆ ಅದು ಡಿಸ್ಕನ್ನು ಮುಟ್ಟುವುದಿಲ್ಲ. ಮಾಮನ ಫೋನಿನ ಪ್ಯಾಕಿಗೆ ಹಚ್ಚಿ ನೋಡಿದೆವು. ತೋಟದೊಳಗೆ ಫೋನಿನ ಸಿಗ್ನಲ್ಲೇ ಸರಿಯಾಗಿ ಬರುತ್ತಿರಲಿಲ್ಲ. ಪೆಟ್ಟಿಗೆ ತನಗೆ ಬೇಕಾದದ್ದನ್ನು ಇಳಿಸಿಕೊಳ್ಳುತ್ತ ಬೆಳಿಗ್ಗೆಯಿಂದ ಊಟದ ಹೊತ್ತಿನವರೆಗೆ ಎರಡು ಪರ್ಸೆಂಟಿಗೆ ಬಂತು, ಪ್ಯಾಕ್ ಮುಗಿಯಿತು.

“ಅಳಿಯಾ, ನೀ ಶಾಣ್ಯಾ ಅದೀ. ಏನರ ಮಾಡಿ ನಡಸು,” ಅಂದು ಮಾಮ ರಜೆ ಮುಗಿಸಿ ಹೋದ.

ಶಾಣ್ಯಾ ಅಂದದ್ದು ನನಗೆ ತಾಗಿತು. ಯಾಕೆಂದರೆ ಆ ವರ್ಷ ಇಡೀ ಯಾರೂ ನನಗೆ ಹಾಗೆ ಅಂದಿರಲಿಲ್ಲ. ಗಣಿತದ ಸರ್ ಒಂದು ದಿನ ಬೋರ್ಡಿಗೆ ಕರೆದಿದ್ದರು. ಲೆಕ್ಕ ಬರಲಿಲ್ಲ. ಬಯ್ಯಲಿಲ್ಲ, ಹೊಡೆಯಲಿಲ್ಲ, “ಬಂದಾಗ ಬರಿ” ಅಂದು ಪಾಠ ಮುಂದುವರಿಸಿದರು. ನಾನು ಚಾಕ್ ಹಿಡಿದು ಪಿರಿಯಡ್ ಮುಗಿಯುವವರೆಗೆ ಗೋಡೆಗೆ ಮುಖ ಮಾಡಿ ನಿಂತೆ. ಅಂದೇ ನಿಶ್ಚಯ ಮಾಡಿದ್ದೆ, ಎಂಟು ಮುಗಿಸುವುದು, ಮತ್ತೆ ಆ ಕಡೆ ಹೋಗುವುದಿಲ್ಲ.

ಅಪ್ಪನಿಗೆ ಇದು ಗೊತ್ತಾದದ್ದು ಮಾಮ ಹೋದ ಮೇಲೆ. ಅಪ್ಪ ಪಡಸಾಲೆಯಲ್ಲಿ ಕೂತು ಎಲೆಯ ಕಟ್ಟಿಗೆ ಬಾಳೆಪಟ್ಟಿ ಬಿಗಿಯುತ್ತಿದ್ದ.

“ಒಂಬತ್ತನೇತ್ತಾಕ ಹೆಸರು ಯಾವಾಗ ಹಚ್ಚಬೇಕಂತ?”

“ನಾ ಹೋಗಂಗಿಲ್ಲ.”

“ಯಾಕ?”

“ನನಗ ಕೈಲೆ ಮಾಡೂ ಕೆಲಸಾ ಬರ್ತಾವು. ಗೌಸಣ್ಣನ ಅಂಗಡ್ಯಾಗ ಕೇಬಲ್ ಕೆಲಸಾ ಕಲೀತೇನಿ.”

ಗೌಸಣ್ಣ ಅಂದರೆ ಸವಣೂರಿನಲ್ಲಿ ಕೇಬಲ್ ಟಿವಿ ನಡೆಸುತ್ತಿದ್ದವನು. ಡಾಕ್ಟರ ಮನೆಗೆ ವೈಫೈ ಕೊಟ್ಟವನೂ ಅವನೇ.

“ಏನ್ ಬರ್ತೈತಿ ನಿನಗ ಕೈಲೆ?” ಅಪ್ಪ ತಲೆ ಎತ್ತಲಿಲ್ಲ.

“ಈ ಪೆಟ್ಟಿಗಿಗೆ ನೆಟ್ ಹಚ್ಚಿ ತೋರಸ್ತೇನಿ. ಇಲ್ಲೇ, ತೋಟದಾಗ.”

ಅಪ್ಪ ಇನ್ನೊಂದು ಕಟ್ಟು ಎತ್ತಿಕೊಂಡ. ಒಳಗಿನಿಂದ ಅವ್ವ, “ಮದ್ಲ ಬಾವ್ಯಾಗಿನ ಕೊಡಾ ತಗದ ತೋರ್ಸು, ನಾಕ ದಿನಾ ಆತು ಬಿದ್ದು,” ಅಂದಳು.

ಎರಡು ದಿನವಾದ ಮೇಲೆ ಅಪ್ಪ ಊರಿಂದ ಬರುವಾಗ ಖಾರದ ಪೊಟ್ಟಣ ತಂದ. ಹಬ್ಬವಿಲ್ಲ, ಹುಣ್ಣಿಮೆಯಿಲ್ಲ. ಸವಣೂರಿನ ಖಾರ, ಕಡಲೆಹಿಟ್ಟಿನ ಕರಿದ ತಿಂಡಿ, ಇನ್ನೂ ಬೆಚ್ಚಗಿತ್ತು, ಕಾಗದಕ್ಕೆ ಎಣ್ಣೆ ಬಿಟ್ಟಿತ್ತು. ಚುರುಮುರಿಗೆ ಬೆರೆಸಿ ಎಲ್ಲರೂ ತಿನ್ನುವಾಗ ನಗುಮುಖದಲ್ಲಿ ಹೇಳಿದ.

“ಮಲ್ಲೇಶಿ, ಒಂದ ಮಾತು. ಶಾಲಿ ಸುರು ಆಗೂದರಾಗ ಆ ಪೆಟ್ಟಿಗಿ ನಡಿಸಿ ತೋರ್ಸು. ನಡೀತಂದ್ರ ಗೌಸನ ಅಂಗಡಿಗೆ ಹೋಗು, ನಾ ಬ್ಯಾಡ ಅನ್ನಂಗಿಲ್ಲ. ನಡೀಲಿಲ್ಲಂದ್ರ ಸುಮ್ಮನ ಒಂಬತ್ತನೇತ್ತಾ.”

“ಆತು.”

“ಮಾತು ಅಂದ್ರ ಮಾತು.”

“ನೀನೂ ತಪ್ಪಬಾರ್ದು,” ಅಂದೆ.

ಮರುದಿನ ಗೌಸಣ್ಣನ ಅಂಗಡಿಗೆ ಹೋದೆ. ಅಂಗಡಿಯ ಮಾಳಿಗೆಯ ಮೇಲೆ ಎತ್ತರದ ಕಂಬ, ಅದರಲ್ಲಿ ನಾಲ್ಕು ದಿಕ್ಕಿಗೆ ಮುಖ ಮಾಡಿದ ಡಿಶ್‌ಗಳು. ಆಗ ಊರ ಹೊರಗಿನ ಮನೆಗಳಿಗೆ ತಂತಿ ಎಳೆಯದೆ ಇಂಟರ್ನೆಟ್ ಕೊಡುತ್ತಿದ್ದದ್ದು ಹೀಗೆ. ಇಲ್ಲೊಂದು ಡಿಶ್, ಮನೆಯ ಮೇಲೊಂದು ಡಿಶ್. ಎರಡೂ ಎದುರುಬದುರಾದರೆ ಮನೆಯದರ ಬೆನ್ನ ಮೇಲೆ ನಾಲ್ಕು ಸಣ್ಣ ದೀಪ ಹತ್ತುತ್ತವೆ. ಅಲ್ಲಿಂದ ಒಳಗಿನ ವೈಫೈ ಡಬ್ಬಿಗೆ ಒಂದು ವಾಯರು. ಅಷ್ಟೇ ಕೆಲಸ.

ಒಂದು ವಾರ ಅಂಗಡಿ ಕಸ ಹೊಡೆದೆ, ವಾಯರಿನ ತುದಿ ಸುಲಿದೆ, ಚಹಾ ತಂದೆ. ಆಮೇಲೆ ಗೌಸಣ್ಣ ಮೂಲೆಯಿಂದ ಒಂದು ಹಳೆಯ ಡಿಶ್, ಒಂದು ವೈಫೈ ಡಬ್ಬಿ ತೆಗೆದು ಧೂಳು ಊದಿ ಕೊಟ್ಟ.

“ತಗೋ. ನಡದ್ರ ನಿಂದು, ಕೆಟ್ರೂ ನಿಂದು. ಆದ್ರ ಲೇ ಮಲ್ಲ್ಯಾ, ಇವು ಎರಡೂ ಒಂದರ ಮುಖಾ ಒಂದು ನೋಡಬೇಕು. ನಡುವ ಹಸಿ ಎಲಿ ಬಂತು ಅಂದ್ರ ಮುಗೀತು. ಹಸಿ ಎಲಿ ಅಂದ್ರ ನೀರು. ನೀರು ಸಿಗ್ನಲ್ ಕುಡದ ಬಿಡ್ತೈತಿ.”

“ಎತ್ತರ ಮಾಡಿ ಕಟ್ಟತೇನಿ ಬಿಡಣ್ಣ.”

“ಕಟ್ಟು. ಚೊಗಚಿ ನಿನಗಿಂತ ಎತ್ತರ ಐತಿ.”

ಅದೇ ಕಷ್ಟವಾಗಿತ್ತು. ನಮ್ಮದು ತಗ್ಗಿನ ಮನೆ, ತಗಡಿನ ಮಾಡು. ಮಾಡಿನ ಮೇಲೆ ನಿಂತು ಊರ ಕಡೆ ನೋಡಿದರೆ ಕಾಣುವುದು ಚೊಗಚಿಯ ಹಸಿರು ಮಾತ್ರ. ಬೇಸಿಗೆಯ ನೆರಳಿಗೆಂದು ಅಪ್ಪ ವರ್ಷವಿಡೀ ಬೆಳೆಸಿದ ಹಸಿರು. ಅದರಾಚೆ ಗೌಸಣ್ಣನ ಕಂಬ.

ಇದ್ದದ್ದರಲ್ಲಿ ಉದ್ದನೆಯ ಬಿದಿರು ತಂದು ಡಿಶ್ ಕಟ್ಟಿ ಮನೆಯ ಗೋಡೆಗೆ ಬಿಗಿದೆ. ಅಕ್ಕ ಅಂಗಳದಲ್ಲಿ ನಿಂತು ದೀಪ ನೋಡಿ ಕೂಗಬೇಕು, ನಾನು ಕೆಳಗಿನಿಂದ ಬಿದಿರು ತಿರುಗಿಸಬೇಕು.

“ಒಂದು ಹತ್ತೇತಿ.”

“ಈಗ?”

“ಒಂದ. ಅಲ್ಲಲ್ಲ, ಎರಡು. ಹೋತು. ಬಂತು. ಹೋತು.”

“ಸರಿಯಾಗಿ ಹೇಳ.”

“ಅದು ಸರಿಯಾಗಿ ಹತ್ತಿದ್ರ ನಾ ಸರಿಯಾಗಿ ಹೇಳ್ತೇನಿ. ಮ್ಯಾಲ ಬಾವುಟಾ ಹಾರಿದಂಗ ಹಾರಾಕತ್ತೈತಿ ನಿನ್ನ ಡಿಶ್.”

ಮೇ ತಿಂಗಳ ಗಾಳಿ ಮಧ್ಯಾಹ್ನ ಎದ್ದರೆ ಸಂಜೆಯವರೆಗೆ ನಿಲ್ಲುತ್ತಿರಲಿಲ್ಲ. ಬಿದಿರಿನ ತುದಿ ಒಂದು ಮೊಳ ಆಚೆ, ಒಂದು ಮೊಳ ಈಚೆ. ಒಂದು ದಿನ ಬಿದಿರು ಸೀಳಿ ಡಿಶ್ ತಗಡಿನ ಮೇಲೆ ಬಿತ್ತು. ಆ ಸದ್ದಿಗೆ ಎಮ್ಮೆ ಹಗ್ಗ ಹರಿದುಕೊಂಡು ಪಕ್ಕದವರ ಗೋವಿನಜೋಳದ ಹೊಲದವರೆಗೆ ಓಡಿತು. ಅವ್ವ ಅದನ್ನು ಹಿಡಿದು ತಂದು ಕಟ್ಟಿ, “ಇನ್ನೊಮ್ಮೆ ಬಿದ್ದರ ಎಮ್ಮಿ ಅಲ್ಲ, ನಾನ ಓಡಿ ಹೊಕ್ಕೇನಿ,” ಅಂದಳು.

ಅಪ್ಪ ಪ್ರತಿ ಸಂಜೆ ಬಂದು ಕೈಕಾಲು ತೊಳೆದು ಕೇಳುತ್ತಿದ್ದ. “ಎಷ್ಟ ದೀಪ ಬಂದ್ವು?”

“ಎರಡು.”

“ಚೊಲೋ ಆತು. ಇನ್ನ ಎರಡ ಉಳದಾವು,” ಅನ್ನುತ್ತಿದ್ದ. ಅವನ ಮುಖದಲ್ಲಿ ಚಿಂತೆ ಕಾಣುತ್ತಿರಲಿಲ್ಲ. ಹೊಸ ನೋಟ್‌ಬುಕ್ಕುಗಳನ್ನೂ ತಂದಿಟ್ಟಿದ್ದ. ಅವುಗಳ ಮೇಲೆ ಅಕ್ಕನ ಕೈಯಿಂದ ನನ್ನ ಹೆಸರು ಬರೆಸಿದ್ದ. ಅದನ್ನು ನೋಡಿದಾಗೆಲ್ಲ ನನಗೆ ಬೋರ್ಡಿನ ಮುಂದೆ ನಿಂತ ಹಾಗಾಗುತ್ತಿತ್ತು.

ಶಾಲೆಗೆ ಮೂರು ದಿನ ಉಳಿದಿತ್ತು. ಅಪ್ಪ ಎಲೆಯ ಬುಟ್ಟಿ ತೆಗೆದುಕೊಂಡು ಬೆಳಗಿನ ಬಸ್ಸಿಗೆ ಅಕ್ಕಿಆಲೂರ ಸಂತೆಗೆ ಹೋದ. ಅವ್ವ ಶಿಗ್ಗಾವಿಯಲ್ಲಿ ದೊಡ್ಡವ್ವನ ಮೊಮ್ಮಗನನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ಕೆ ಹೋದಳು. ಮನೆಯಲ್ಲಿ ನಾನು, ಅಕ್ಕ.

ಮಾಡಿನ ಮೇಲೆ ಹತ್ತಿ, ಬಿದಿರು ಸೀಳಿದ ಮೇಲೆ ಅಲ್ಲೇ ಬಿಗಿದಿದ್ದ ಡಿಶ್‌ನ ಹಿಂದೆ ಕಣ್ಣಿಟ್ಟು ಊರಿನ ಕಡೆಗೆ ಒಂದು ಗೆರೆ ಎಳೆದ ಹಾಗೆ ನೋಡಿದೆ. ಆ ಗೆರೆಯ ಮೇಲೆ ಎಂಟು ಚೊಗಚಿ ಗಿಡ. ಎಂಟೇ. ಕೆಳಗಿಳಿದು ಎಲೆ ಕೊಯ್ಯುವ ಏಣಿ ತೆಗೆದುಕೊಂಡೆ, ಕುಡಗೋಲು ತೆಗೆದುಕೊಂಡೆ.

“ಏನ್ ಮಾಡಾಕತ್ತೀ?” ಅಕ್ಕ ಕೇಳಿದಳು.

“ಕಿಡಕಿ ಮಾಡ್ತೇನಿ.”

ಅವಳಿಗೆ ತಿಳಿಯಿತು. “ಬ್ಯಾಸಿಗ್ಯಾಗ ಟೊಂಗಿ ಕಡೀತಾರನು ಯಾರರ? ಅಪ್ಪಗ ಏನ್ ಹೇಳ್ತಿ?”

“ನಾಕೂ ದೀಪ ಬಂದ್ವು ಅಂತ ಹೇಳ್ತೇನಿ.”

“ಶಾಲಿ ತಪ್ಪಿಸ್ಕೊಳ್ಳಾಕ ಎಷ್ಟ ಶಾಣ್ಯಾ ಆಗೀದಿ ನೀ. ಇದರಾಗ ಅರ್ಧಾ ಶಾಣ್ಯಾತನ ಲೆಕ್ಕಕ್ಕ ಹಚ್ಚಿದ್ರ ಪಾಸ್ ಆಗ್ತಿದ್ದಿ.”

“ನಾ ಪಾಸ್ ಆಗೇನಿ. ನೀ ಮಾಡಿನ ಮ್ಯಾಲ ಹತ್ತಿ ದೀಪ ನೋಡ.”

ಅವಳು ಹತ್ತಿದಳು. ಬೇಡ ಅಂದಳು, ಆದರೂ ಹತ್ತಿದಳು. ಒಬ್ಬರನ್ನೊಬ್ಬರು ಬಿಟ್ಟುಕೊಡದ ವಯಸ್ಸು ಅದು.

ಚೊಗಚಿಯದು ಮೆದು ಕಟ್ಟಿಗೆ. ಕುಡಗೋಲಿಗೆ ಎರಡೇ ಪೆಟ್ಟು ಸಾಕು. ಕಡಿದಲ್ಲಿ ಹಸಿ ಅವರೆಕಾಯಿ ಸುಲಿದಂಥ ವಾಸನೆ. ಮೂರನೆಯ ಗಿಡ ಆದಾಗ ಮೇಲಿನಿಂದ ಕೂಗು ಬಂತು, “ಎರಡು. ಗಟ್ಟಿ ಹತ್ಯಾವು.” ಐದಕ್ಕೆ, “ಮೂರನೇದು ಮಿಣಿಮಿಣಿ ಮಾಡಾಕತ್ತೈತಿ.” ಏಳಕ್ಕೆ ಮೂರೂ ನಿಂತವು. ಎಂಟನೆಯದು ದೊಡ್ಡ ಗಿಡ, ಬಾವಿಯ ಪಕ್ಕದ್ದು, ನೀರುಂಡು ಕೊಬ್ಬಿದ್ದು. ಅದರ ನಡುಟೊಂಗೆ ಬಿತ್ತು. ಅಕ್ಕ ಸಣ್ಣ ದನಿಯಲ್ಲಿ, “ನಾಕು,” ಅಂದಳು.

ಏಣಿಯ ಮೇಲಿಂದ ಕೆಳಗೆ ನೋಡಿದೆ. ಆ ತೋಟದ ನೆಲದ ಮೇಲೆ ಮೇ ತಿಂಗಳ ಬಿಸಿಲು ಬಿದ್ದದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಬೆಳಿಗ್ಗೆ ನೀರು ಹಾಯಿಸಿದ ಹಸಿ ಮಣ್ಣಿನಿಂದ ಆವಿ ಏಳುತ್ತಿತ್ತು. ಇಳಿದು ಬರಿಗಾಲಿಟ್ಟರೆ ಬೆಚ್ಚಗಿತ್ತು.

ಕಡಿದ ಸೊಪ್ಪನ್ನೆಲ್ಲ ಎಳೆದು ಎಮ್ಮೆಯ ಮುಂದೆ ಹಾಕಿದೆವು. ಪೆಟ್ಟಿಗೆಗೆ ಪಾಸ್‌ವರ್ಡ್ ಕೊಟ್ಟೆವು. ಅದು ಇಳಿಸಿಕೊಳ್ಳಲು ಶುರು ಮಾಡಿತು. ಹತ್ತು ಪರ್ಸೆಂಟು, ಹದಿನೆಂಟು, ಮೂವತ್ತು. ನಡುವೆ ಕರೆಂಟು ಹೋಯಿತು, ಬಂತು, ನಿಂತಲ್ಲಿಂದಲೇ ಮುಂದುವರಿಯಿತು. ಇಬ್ಬರೂ ಬೆಳಗಿನ ರೊಟ್ಟಿಗೆ ಶೇಂಗಾ ಹಿಂಡಿ ಹಚ್ಚಿಕೊಂಡು ಟಿವಿಯ ಮುಂದೆಯೇ ತಿಂದೆವು. ನಾಲ್ಕು ಗಂಟೆಯ ಸುಮಾರಿಗೆ ನೂರಾಯಿತು. ಕಾರು ಬಂತು. ಕೆಂಪು ಕಾರು, ಕರಿ ರಸ್ತೆ, ಆಚೆ ಈಚೆ ಬರೇ ಮರಳು. ಒಂದು ಗಿಡವೂ ಇಲ್ಲದ ರಸ್ತೆ ಅದು.

ಐದು ಗಂಟೆಗೆ ಅಪ್ಪ ಬಂದ. ಬದುವಿನಲ್ಲಿ ಚಪ್ಪಲಿ ಬಿಟ್ಟ ಸದ್ದು ಕೇಳಿತು. ಹೆಜ್ಜೆ ಕೇಳಿತು. ನಡುದಾರಿಯಲ್ಲಿ ಹೆಜ್ಜೆ ನಿಂತಿತು. ಬಹಳ ಹೊತ್ತು ನಿಂತಿತು. ಅಕ್ಕ ಎದ್ದು ಒಳಗೆ ಹೋದಳು. ನಾನು ರಿಮೋಟು ಹಿಡಿದು ಕೂತೇ ಇದ್ದೆ.

ಅಪ್ಪ ಬಾಗಿಲಿಗೆ ಬಂದು ಟಿವಿ ನೋಡಿದ.

“ಬಂತನು?”

“ಬಂತು.”

“ನಾಕೂ?”

“ನಾಕೂ.”

ಖಾಲಿ ಬುಟ್ಟಿ ಇಳಿಸಿ ನನ್ನ ಪಕ್ಕ ಕೂತ. ಟವೆಲಿನಿಂದ ಮುಖ ಒರೆಸಿಕೊಂಡ.

“ಆಡು, ನೋಡೂಣು.”

ಆಡಿದೆ. ಕಾರು ಎರಡು ಸಲ ರಸ್ತೆ ಬಿಟ್ಟು ಮರಳಿಗೆ ಇಳಿಯಿತು. ಅಪ್ಪ ರೇಸು ಮುಗಿಯುವವರೆಗೆ ಕಣ್ಣು ತೆಗೆಯದೆ ನೋಡಿದ. ಆಮೇಲೆ ಹೇಳಿದ, “ಒಂದನೇ ತಾರೀಖಿಗೆ ಗೌಸನ ಅಂಗಡಿಗೆ ಹೋಗು. ಹ್ವಾದ ಮ್ಯಾಲ ನಡುವ ಬಿಟ್ಟ ಬರಬ್ಯಾಡ. ಹಿಡದ ಕೆಲಸಾ ಪೂರಾ ಮಾಡು.”

ಬಯ್ಯುತ್ತಾನೆ ಎಂದು ಕಾದೆ. ಬಯ್ಯಲಿಲ್ಲ. ಎದ್ದು ಹಿತ್ತಲಿಗೆ ಹೋದ, ಒಟ್ಟಿದ್ದ ತೆಂಗಿನ ಗರಿಗಳನ್ನು ಎಳೆದ ಸದ್ದು ಕೇಳಿತು. ನಾನು ಹೊರಗೆ ಹೋದಾಗ ಏಣಿ ಹತ್ತಿ ಆ ಸಾಲಿನ ಮೊದಲ ಗಿಡಕ್ಕೆ ಗರಿ ಕಟ್ಟುತ್ತಿದ್ದ. ಬಳ್ಳಿಗೆ ನೆರಳಾಗಲಿ ಎಂದು.

“ನಾ ಕಟ್ಟಲೇನಪಾ?”

“ಬ್ಯಾಡ. ಅಲ್ಲೇ ನಿಂತು ಹೇಳು. ನಿನ್ನ ದಾರಿ ಬಿಟ್ಟು ಕಟ್ಟತೇನಿ. ಎಲ್ಲಿಮಟಾ ಬಿಡಬೇಕು, ಕೈ ಮಾಡಿ ತೋರ್ಸು.”

ಕೈ ಮಾಡಿ ತೋರಿಸಿದೆ. ಬೇಕಾದದ್ದಕ್ಕಿಂತ ಒಂದು ಮೊಳ ಹೆಚ್ಚೇ ತೋರಿಸಿದೆ. ಸಿಗ್ನಲ್ ಎಲ್ಲಿ ಹೋದೀತೋ ಎಂಬ ಹೆದರಿಕೆ. ಅಪ್ಪ ಗರಿಯನ್ನು ಅಷ್ಟು ಕೆಳಗೆ ಇಳಿಸಿ ಕಟ್ಟಿದ. ಎಂಟೂ ಗಿಡಕ್ಕೆ ಹಾಗೇ ಕಟ್ಟಿದ.

ಬಳ್ಳಿಯ ಚಿಗುರು ಇರುವುದು ಮೇಲೆ. ಗರಿಯ ನೆರಳು ಬಿದ್ದದ್ದು ಕೆಳಗೆ. ಆ ವರ್ಷ ಮಳೆಯೂ ಒಂದು ವಾರ ತಡೆದು ಬಂತು. ಎರಡನೆಯ ದಿನ ಎಲೆಯ ಅಂಚು ಹಳದಿಯಾಯಿತು, ನಾಲ್ಕನೆಯ ದಿನಕ್ಕೆ ಹಪ್ಪಳದ ಹಾಗೆ ಮುರಿಯತೊಡಗಿತು. ಅಪ್ಪ ಗೋಣಿಚೀಲ ತೋಯಿಸಿ ಬುಡಕ್ಕೆ ಹೊದಿಸಿದ, ಹೊತ್ತಿಗೊಂದು ಕೊಡ ನೀರು ಹಾಕಿದ. ಎಂಟೂ ಗಿಡದ ಬಳ್ಳಿ ಒಣಗಿದವು. ಅವ್ವ ನನಗೆ ಅಂದದ್ದು ಒಂದೇ ಮಾತು. “ಎಮ್ಮಿಗೆ ಹಬ್ಬಾ ಮಾಡೀದಿ ನೋಡು.”

ಜೂನ್ ಒಂದಕ್ಕೆ ಅಕ್ಕ ಹತ್ತನೆಯ ತರಗತಿಗೆ, ನಾನು ಅಂಗಡಿಗೆ. ಊರ ಅಗಸಿಬಾಗಿಲಿನವರೆಗೆ ಇಬ್ಬರಿಗೂ ಒಂದೇ ಸೈಕಲ್. ಅಲ್ಲಿ ಅವಳು ಇಳಿದು ಎಡಕ್ಕೆ ಹೋಗುತ್ತಿದ್ದಳು, ನಾನು ಬಲಕ್ಕೆ. ನನ್ನ ಹೆಸರು ಬರೆದ ನೋಟ್‌ಬುಕ್ಕುಗಳಿಗೆ ಹೊಸ ಚೀಟಿ ಅಂಟಿಸಿ ಅವಳೇ ಬಳಸಿದಳು. ಗೇಮನ್ನು ನಾನು ಎಷ್ಟು ಆಡಿದೆ ಎಂದು ಕೇಳಿದರೆ, ಒಂದು ತಿಂಗಳೂ ಇಲ್ಲ. ಕಂಬ ಹತ್ತಿ ಇಳಿದು ಬಂದವನಿಗೆ ಕಾರು ಓಡಿಸುವ ಹುರುಪು ಉಳಿಯುತ್ತಿರಲಿಲ್ಲ. ಎರಡನೆಯ ಮಳೆಗಾಲದಲ್ಲಿ ಪೆಟ್ಟಿಗೆಯೊಳಗೆ ಇರುವೆ ಹೊಕ್ಕು ಕೆಟ್ಟಿತು.

ಅದೇ ಎರಡನೆಯ ವರ್ಷ ನಾನು ಕಂಬ ನಿಲ್ಲಿಸುವುದನ್ನು ಕಲಿತೆ. ಇಪ್ಪತ್ತೈದು ಅಡಿಯ ಕಬ್ಬಿಣದ ಪೈಪು, ಮೂರು ಕಡೆಯಿಂದ ಎಳೆದು ಬಿಗಿದ ತಂತಿ. ಎಂಥ ಗಾಳಿಗೂ ಅಲುಗುವುದಿಲ್ಲ, ಎಂಥ ಚೊಗಚಿಗಿಂತಲೂ ಎತ್ತರ. ಇಬ್ಬರು ನಿಂತರೆ ಅರ್ಧ ದಿನದ ಕೆಲಸ. ಒಂದು ಟೊಂಗೆಯನ್ನೂ ಮುಟ್ಟಬೇಕಾಗಿರಲಿಲ್ಲ. ನಮ್ಮ ಮನೆಗೂ ಹಾಗೇ ಒಂದು ನಿಲ್ಲಿಸಿ, ಅಪ್ಪನಿಗೆ ಹೇಳಿದೆ.

“ಇದು ಆಗ ಗೊತ್ತಿದ್ದಿಲ್ಲ ಅಪ್ಪ.”

“ಈಗ ಗೊತ್ತಾತಲ್ಲ, ಆತು.”

“ಆ ಸಾಲಿಗೆ ಮತ್ತ ಬಳ್ಳಿ ಹಚ್ಚೂಣು?”

“ಹಚ್ಚೂಣಂತ,” ಅಂದ. ಹಚ್ಚಲಿಲ್ಲ.

ಇನ್ನೊಂದು ವಿಷಯ ತಿಳಿದದ್ದು ಬಹಳ ತಡವಾಗಿ. ಹಿರೇಕೆರೂರು ಕಡೆ ಹಂಸಭಾವಿಯಲ್ಲಿ ಒಂದು ಮನೆಗೆ ಡಿಶ್ ಕೂಡಿಸಲು ಗೌಸಣ್ಣನೂ ನಾನೂ ಹೋಗಿದ್ದೆವು. ಆ ಮನೆಯ ಮುಂದೆ ದೊಡ್ಡ ಬೇವಿನ ಗಿಡ. ಅದನ್ನು ನೋಡಿ ಗೌಸಣ್ಣ ನಗತೊಡಗಿದ.

“ನಿಮ್ಮಪ್ಪನ್ನ ನೆನಪಾತು ನೋಡಪಾ. ನೀ ನನ್ನ ಕಡೆ ಬರೂಕಿಂತ ಮದ್ಲ ಬಂದಿದ್ದ ಅಂವಾ. ಎಲಿ ತೋಟದಾಗ ನೆಟ್ ಹಾಯ್ತೈತೇನು ಅಂತ ಕೇಳಿದ. ಬ್ಯಾಸಿಗ್ಯಾಗ ಖರೇನ ಹಾಯೂದಿಲ್ಲ ಅಂದೆ. ಎರಡೆರಡ ಸಲ ಕೇಳಿ ಪಕ್ಕಾ ಮಾಡ್ಕೊಂಡ. ಭಾಳ ಖು‍ಷಿಲೆ ನನಗೂ ಚಹಾ ಕುಡಿಸಿ ಹ್ವಾದ.”

ನಾನು ಸ್ಪ್ಯಾನರ್ ಹಿಡಿದು ನಿಂತಿದ್ದೆ. ಗೌಸಣ್ಣ ಹೇಳುತ್ತಲೇ ಇದ್ದ. “ಹುಡುಗನ್ನ ಹೊಡದು ಶಾಲಿಗೆ ಕಳಸಾಕ ಮನಸಿಲ್ಲೊ, ತಾನ ಸೋತು ಹೋಗ್ಲಿ ಅಂದಿದ್ದ. ನೀ ಗಿಡಾನ ಕಡದ ಬಿಟ್ಟಿ.”

ಅಂದರೆ ಆ ಖಾರದ ಪೊಟ್ಟಣ ತಂದ ಸಂಜೆ ಅಪ್ಪ ಮನಸ್ಸಿನಲ್ಲಿ ನನ್ನನ್ನು ಒಂಬತ್ತನೆಯ ತರಗತಿಗೆ ಸೇರಿಸಿಯೇ ಬಂದಿದ್ದ. ತನ್ನ ತೋಟದ ನೆರಳನ್ನು ನಂಬಿ ಮಾತು ಕೊಟ್ಟಿದ್ದ. ನಾನು ಕಡಿದದ್ದು ಆ ನೆರಳನ್ನೇ. ಮೋಸವಾಯಿತು ಎಂದು ಅವನು ಮಾತು ತಿರುಗಿಸಬಹುದಿತ್ತು. ಗಿಡ ಕಡಿದು ಸಿಗ್ನಲ್ ತರುವುದು ಲೆಕ್ಕಕ್ಕಿಲ್ಲ ಅನ್ನಬಹುದಿತ್ತು. ನಾನು ಆಗ ಹದಿನಾಲ್ಕರವನು, ತಲೆ ತಗ್ಗಿಸಿ ಶಾಲೆಗೆ ಹೋಗುತ್ತಿದ್ದೆನೋ ಏನೋ. ಈ ಮಾತನ್ನು ನಾನು ಅಪ್ಪನ ಮುಂದೆ ಇನ್ನೂ ತೆಗೆದಿಲ್ಲ.

ತೋಟ ಇನ್ನೂ ಐದು ವರ್ಷ ಇತ್ತು. ಎಲೆಬಳ್ಳಿ ವರ್ಷಕ್ಕೊಮ್ಮೆ ಇಳಿಸಿ ಸುತ್ತಿ ಮತ್ತೆ ಹಬ್ಬಿಸಬೇಕು. ಒಬ್ಬ ಏಣಿಯ ಮೇಲೆ, ಒಬ್ಬ ಕೆಳಗೆ, ಇಬ್ಬರ ಕೆಲಸ. ನಾನು ಬೇರೆಯವರ ಮಾಡಿನ ಮೇಲಿರುತ್ತಿದ್ದೆ. ಅಪ್ಪನ ಮೊಣಕಾಲು ಏಣಿ ಹತ್ತಲು ಒಲ್ಲೆ ಅಂದಿತು. ಈಗ ಅಲ್ಲಿ ಗೋವಿನಜೋಳ. ಮನೆಗೆ ಬರುವವರು ಚಪ್ಪಲಿ ಹಾಕಿಕೊಂಡೇ ಅಂಗಳದವರೆಗೆ ಬರುತ್ತಾರೆ.

ಡಿಶ್‌ಗಳ ಕಾಲವೂ ಮುಗಿಯಿತು. ಈಗ ಗಾಜಿನ ಎಳೆಯ ಕೇಬಲ್ಲು. ಅದಕ್ಕೆ ಗಿಡ, ಎಲೆ, ಮಳೆ ಯಾವುದೂ ಅಡ್ಡ ಬರುವುದಿಲ್ಲ. ಗೇಮ್ ತಡೆ ತಡೆದು ನಡೆಯುತ್ತದೆ ಎಂದು ಹುಡುಗರು ಫೋನ್ ಮಾಡುತ್ತಾರೆ. ಹೋಗಿ ನೋಡಿದರೆ ವೈಫೈ ಡಬ್ಬಿಯನ್ನು ತಿಜೋರಿಯ ಹಿಂದೆ ಇಟ್ಟಿರುತ್ತಾರೆ. ಹೊರಗೆ ತೆಗೆದಿಟ್ಟು ಬರುತ್ತೇನೆ, ಐದು ನಿಮಿಷದ ಕೆಲಸ. ಅವರ ಅಪ್ಪಂದಿರು ಬಂದು ಪಕ್ಕ ಕೂತು ಇಡೀ ರೇಸು ನೋಡಿದ್ದನ್ನು ನಾನು ಕಂಡಿಲ್ಲ. ಹುಡುಗರೂ ಕರೆಯುವುದಿಲ್ಲ.

ನಾನೇನೂ ಕೆಟ್ಟಿಲ್ಲ. ಗೌಸಣ್ಣ ಸಾಕೆಂದು ಬಿಟ್ಟ ಅಂಗಡಿ ಈಗ ನನ್ನ ಹೆಸರಿನಲ್ಲಿದೆ. ಯಾರ ಮುಂದೆಯೂ ಕೈಕಟ್ಟಿ ನಿಂತಿಲ್ಲ. ಅರ್ಜಿಗಳಲ್ಲಿ ವಿದ್ಯಾಭ್ಯಾಸ ಎಂದು ಇರುವಲ್ಲಿ ಎಂಟು ಎಂದು ಸ್ಪಷ್ಟವಾಗಿ ಬರೆಯುತ್ತೇನೆ. ಆದರೆ ಕೇಬಲ್ ಕಂಪನಿಯವರು ಕಳಿಸುವ ಇಂಗ್ಲಿಷ್ ಕಾಗದವನ್ನು ಓದಿಸಿಕೊಳ್ಳಲು ಹಾನಗಲ್ಲಿನಲ್ಲಿರುವ ಅಕ್ಕನಿಗೆ ಫೋಟೋ ಕಳಿಸುತ್ತೇನೆ. ಅವಳು ಓದಿ, ಅರ್ಥ ಹೇಳಿ, ಕೊನೆಗೆ ಒಮ್ಮೆ ಬಯ್ಯುತ್ತಾಳೆ.

ಇರುವುದನ್ನು ಎಣಿಸಿ ಹೇಳುತ್ತೇನೆ. ಅಂಗಡಿ ಒಂದು. ಏಣಿ ಮೂರು, ಒಂದು ಅಲ್ಯೂಮಿನಿಯಮ್ಮಿನದು. ಗಾಡಿ ಎರಡು. ಕೆಲಸಕ್ಕೆ ಇಬ್ಬರು, ಇಬ್ಬರೂ ಹತ್ತನೆಯ ತರಗತಿ ಪಾಸಾದವರು. ಕನೆಕ್ಷನ್ ಮುನ್ನೂರ ನಲವತ್ತು ಮನೆ. ಅಪ್ಪ, ಅವ್ವ ಇಬ್ಬರೂ ನನ್ನ ಜೊತೆ. ಎಮ್ಮೆ ಒಂದು. ಎಲೆಬಳ್ಳಿ ಇಲ್ಲ. ಅಪ್ಪನಿಗೆ ಊಟವಾದ ಮೇಲೆ ಹಾಕಿಕೊಳ್ಳುವ ಎಲೆಯನ್ನು ನಾನು ಪೇಟೆಯಿಂದ ಕೊಂಡು ತರುತ್ತೇನೆ, ದಿನಕ್ಕೆ ಆರು.